ಜೈಲುಮಾವನ ನಡತೆ ತಪಾಸಣೆ

ಜೂನ್ ೯

ಅಕ್ಕರೆಯ ಸ್ಕೇಲಿಗೆ, ನಿನ್ನ ಜೈಲುಮಾವನ ಆಶೀರ್ವಾದಗಳು.

ನಿನ್ನ ಕಾಗದ ಬಂದಾಗ ನಾನು ಒಂದು ಸೈಕಲ್ಲಿನ ಹೊಟ್ಟೆಗೆ ಕೈ ಹಾಕಿ ಕುಳಿತಿದ್ದೆ. ಗ್ರೀಸು ಮೆತ್ತಿದ ಕೈಯಲ್ಲೇ ಲಕೋಟೆ ಹರಿದೆ. ಹಾಗಾಗಿ ನಿನ್ನ ಶುಭಸುದ್ದಿಯ ಮೇಲೆ ನನ್ನ ಹೆಬ್ಬೆಟ್ಟಿನ ಮುದ್ರೆ ಬಿದ್ದಿದೆ. ಇನ್ನು ಆ ಕೆಲಸ ನಿನ್ನ ಕೈತಪ್ಪುವುದುಂಟೇ?

ಮಕ್ಕಳ ವಸತಿಶಾಲೆಗೆ ಮೇಲ್ವಿಚಾರಕಿ! ನನ್ನ ತಂಗಿ ಬದುಕಿದ್ದಿದ್ದರೆ, ನನ್ನ ಮಗಳು ಹೀಗೆ ಹಾಗೆ ಎಂದು ಬೀದಿಯ ಎರಡೂ ಬದಿಗೆ ಕೇಳುವಂತೆ ಹೇಳಿಕೊಂಡು ಬರುತ್ತಿದ್ದಳು. ಅವಳಿಲ್ಲ, ಆ ಕೆಲಸವನ್ನು ಅವಳ ಅಣ್ಣನಾದ ನಾನೇ ಮುಗಿಸಿದೆ. ಕ್ಷೌರದಂಗಡಿ, ದರ್ಜಿ ಅಂಗಡಿ, ಔಷಧಿ ಅಂಗಡಿ, ಮೂರು ಕಡೆಯೂ ನೀನೀಗ ಆ ಶಾಲೆಯ ಮುಖ್ಯಸ್ಥೆ. ಮೇಲ್ವಿಚಾರಕಿ ಎಂದರೆ ಅವರಿಗೆ ಅರ್ಥವಾಗಲಿಲ್ಲ, ಅದಕ್ಕೆ ಒಂದು ಬಡ್ತಿ ಕೊಟ್ಟೆ.

ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೂ ಗೆರೆ ಎಳೆದುಕೊಂಡೇ ಬರೆಯುತ್ತಿದ್ದ ನಿನಗೆ ಸ್ಕೇಲು ಎಂದು ಹೆಸರಿಟ್ಟವನು ನಾನು. ಎಷ್ಟು ಸರಿಯಾಗಿ ಇಟ್ಟೆ ನೋಡು, ಸಿಹಿಸುದ್ದಿಗೂ ಅಂಕಿ ಹಾಕಿದ್ದೀಯ. ಒಂದು, ಆಗಸ್ಟಿನಿಂದ ಕೆಲಸ. ಎರಡು, ಶಾಲೆಯ ಆವರಣದಲ್ಲೇ ಕ್ವಾರ್ಟರ್ಸು, 'ಅಪ್ಪನ ಜೊತೆ ನೀವೂ ಬಂದುಬಿಡಿ ಮಾವ.' ಈ ಎರಡನೆಯ ಅಂಕಿಯನ್ನು ಅಂಗಡಿಗೆ ಬಂದವರಿಗೆಲ್ಲ ಓದಿಸಿದೆ. ನಾನಿರುವ ಕಟ್ಟಡವನ್ನು ಮಾಲೀಕ ಕೆಡವಿಸುತ್ತಾನಂತೆ. 'ಎಲ್ಲಿಗೆ ಹೋಗ್ತೀರ?' ಎಂದು ಪಾಪ ದಿನಾ ಕೇಳುತ್ತಿದ್ದ. ಕ್ವಾರ್ಟರ್ಸಿಗೆ ಎಂದೆ. ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಮೂರನೆಯದು ಪೊಲೀಸ್ ತಪಾಸಣೆ. ಆವರಣದೊಳಗೆ ವಾಸ ಮಾಡುವ ದೊಡ್ಡವರೆಲ್ಲರ ಹಿನ್ನೆಲೆಯನ್ನೂ ಕೆದಕಿ ನೋಡುತ್ತಾರೆ, ಅದಾದ ಮೇಲೆಯೇ ನೇಮಕದ ಆದೇಶ ಎಂದಿದ್ದೀಯ. ನೋಡಲಿ. ಮಕ್ಕಳಿರುವ ಕಡೆ ಕಾಗೆಯನ್ನೂ ಊರು ಕೇರಿ ವಿಚಾರಿಸಿಯೇ ಒಳಗೆ ಬಿಡಬೇಕು. ನಿಮ್ಮಪ್ಪ, ಅಂದರೆ ನನ್ನ ಭಾವ, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಗಡಿಯಾರ ನೋಡಿ ನಿವೃತ್ತಿಯಾದ ಮನುಷ್ಯ. ಅವರ ಹಿನ್ನೆಲೆ ಓದುತ್ತಾ ಪೊಲೀಸರಿಗೆ ನಿದ್ದೆ ಬರಬಹುದು. ಆಗ ಎಬ್ಬಿಸಲು ನನ್ನದನ್ನು ಕೊಡು.

ಫೋನು ಮಾಡಬೇಡ. ನನ್ನ ಎಡಗಿವಿ ನಿವೃತ್ತಿಯಾಗಿದೆ, ಬಲಗಿವಿ ದೀರ್ಘ ರಜೆಯಲ್ಲಿದೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು ನಾನು. ಆಮೇಲೆ ನನಗೆ ಕಲಿಸಲು ಶಾಲೆಯಲ್ಲಿ ಏನೂ ಉಳಿದಿರಲಿಲ್ಲ. ಬರೆಯಬಲ್ಲೆ, ಓದಬಲ್ಲೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕುವವರೂ ಇರುವುದಿಲ್ಲ.

ಇಂತಿ,
ಜೈಲುಮಾವ

•

ಜೂನ್ ೧೬

ಪ್ರೀತಿಯ ಮಾವ,

ನಿಮ್ಮ ಕಾಗದ ಓದಿ ಅಪ್ಪ ನಕ್ಕರು. 'ನನ್ನ ಹಿನ್ನೆಲೆ ಓದಿ ನಿದ್ದೆ ಬಂದರೆ ಒಳ್ಳೆಯದೇ, ಅವನದು ಓದಿದರೆ ಪೊಲೀಸರಿಗೆ ಮತ್ತೆ ನಿದ್ದೆಯೇ ಬಾರದು' ಎಂದರು.

ನಿಮ್ಮ ವಿವರಗಳನ್ನು ನಾನೇ ತುಂಬಿ ಕೊಟ್ಟಿದ್ದೇನೆ. ಒಂದು ಸಣ್ಣ ವಿಷಯ. ನೀವು ಜೈಲಿನಲ್ಲಿದ್ದ ಕಾಲದ ಬಗ್ಗೆ ಇಲ್ಲಿ ಒಬ್ಬರು ಕೇಳುತ್ತಿದ್ದಾರೆ. ಯಾವ ವರ್ಷ, ಯಾವ ಜೈಲು, ಏನು ಕೇಸು, ಎಷ್ಟು ಕಾಲ. ನಿಮ್ಮ ಕೈಬರಹದಲ್ಲೇ ಇದ್ದರೆ ಒಳ್ಳೆಯದಂತೆ. ಚಿಕ್ಕದಾಗಿ ಬರೆದರೆ ಸಾಕು.

ಇಲ್ಲಿ ಎಲ್ಲ ಸರಿಯಾಗಿದೆ. ಕ್ವಾರ್ಟರ್ಸನ್ನು ಹೊರಗಿನಿಂದ ನೋಡಿಬಂದೆ. ನಿಮ್ಮ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆ.

ನಿಮ್ಮ ಸೊಸೆ

•

ಜೂನ್ ೨೨

ಅಕ್ಕರೆಯ ಸ್ಕೇಲಿಗೆ,

'ಒಬ್ಬರು ಕೇಳುತ್ತಿದ್ದಾರೆ' ಎಂದು ಮುಚ್ಚಿಟ್ಟು ಬರೆದರೆ ನನಗೆ ಗೊತ್ತಾಗುವುದಿಲ್ಲವೇ? ಅಲ್ಲಿ ಮಕ್ಕಳಿಗೆ ಕಥೆ ಹೇಳುವ ಮೇಷ್ಟ್ರು ಯಾರೋ ಇರಬೇಕು. ದಿನಾ ನರಿ, ಮೊಲ ಹೇಳಿ ಹೇಳಿ ಸರಕು ಮುಗಿದಿದೆ. ಅಷ್ಟರಲ್ಲಿ ನೀನು, 'ನಮ್ಮ ಮಾವ ಇದ್ದಾರೆ' ಎಂದು ಬಾಯಿಬಿಟ್ಟಿದ್ದೀಯ. ಚಿಕ್ಕದಾಗಿ ಬರೆಯಿರಿ ಎಂದರೆ ಹೇಗೆ? ಆನೆಯನ್ನು ಡಬ್ಬಿಯಲ್ಲಿ ಕಳಿಸು ಅಂದಂತಾಯಿತು.

ವರ್ಷ: ನಿಮ್ಮಮ್ಮನ ಮದುವೆಯ ಹಿಂದಿನದು. ಕೇಸು: ಒಬ್ಬ ಮರದ ಕಂಟ್ರಾಕ್ಟರು ಮುದುಕ ಕಾವಲುಗಾರನ ಊಟದ ಡಬ್ಬಿಯನ್ನು ಒದ್ದ. ನಾನು ಪಕ್ಕದಲ್ಲೇ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದೆ. ಎದ್ದೆ. ಕೈ ಎತ್ತಲಿಲ್ಲ, ಬರೀ ಮೊಣಕೈ ತಿರುಗಿಸಿದೆ. ಎರಡು ಹಲ್ಲು! ನಿನಗೆ ಹಿಂದೆ ಹೇಳುವಾಗ ಒಂದು ಎಂದಿದ್ದೆ, ನೀನಾಗ ಚಿಕ್ಕವಳು, ಹೆದರಬಾರದು ಎಂದು.

ಒಳಗೆ ನನ್ನ ಸ್ವಂತ ಹೆಸರು ಯಾರಿಗೂ ಗೊತ್ತಿರಲಿಲ್ಲ. ಜೈಲರಿನಿಂದ ಹಿಡಿದು ಕಸ ಗುಡಿಸುವವರವರೆಗೆ 'ಉಕ್ಕಿನ ಮೊಣಕೈ' ಎಂದೇ ಕರೆಯುತ್ತಿದ್ದರು. ನನ್ನನ್ನು ಹಿಡಿದಿಡಲು ಒಂದು ಜೈಲು ಸಾಲದೆ ನಡುವೆ ಇನ್ನೊಂದಕ್ಕೆ ಸಾಗಿಸಿದರು. ಈಗ ಹೇಳುವುದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಒಮ್ಮೆ ಓಡಿಯೂ ಹೋಗಿದ್ದೆ. ಹೊದಿಕೆಗಳನ್ನು ಗಂಟು ಹಾಕಿ ಗೋಡೆ ಇಳಿದೆ, ಎರಡು ಮೈಲಿ ನಡೆದೆ. ಹಸಿವಾಯಿತು. ಒಳಗಿನ ಊಟ ಹೊರಗಿನದಕ್ಕಿಂತ ಬಿಸಿ ಎಂದು ನೆನಪಾಗಿ ವಾಪಸು ಹೋಗಿ ಬಾಗಿಲು ತಟ್ಟಿದೆ. 'ಯಾರು?' ಅಂದರು. 'ನಿಮ್ಮವನೇ' ಅಂದೆ.

ಮಕ್ಕಳು ನಗದಿದ್ದರೆ ಹೇಳು, ಇನ್ನೂ ಸ್ವಲ್ಪ ಕಳಿಸುತ್ತೇನೆ.

ಇಂತಿ,
ಉಕ್ಕಿನ ಮೊಣಕೈ

•

ಜುಲೈ ೧

ಮಾವ,

ಇದನ್ನು ಕುಳಿತುಕೊಂಡು ಓದಿ.

ಕೇಳಿದವರು ಕಥೆಯ ಮೇಷ್ಟ್ರಲ್ಲ, ತಪಾಸಣೆ ವಿಭಾಗದ ಗುಮಾಸ್ತೆ. ಇಲ್ಲಿ ಎಲ್ಲರೂ ಅವರನ್ನು ಭೂತಗನ್ನಡಿ ಎನ್ನುತ್ತಾರೆ, ಅವರೆದುರಿಗಲ್ಲ. ಅರ್ಜಿಯಲ್ಲಿ 'ಜೊತೆಗೆ ವಾಸಿಸುವವರಿಗೆ ಹಿಂದೆ ಜೈಲುಶಿಕ್ಷೆ ಆಗಿದೆಯೇ?' ಎಂದಿತ್ತು. ನಿಮ್ಮ ಹೆಸರಿನ ಮುಂದೆ ಹೌದು ಎಂದು ಬರೆದೆ. ಹಳೆಯ ಹೊಡೆದಾಟ, ಆಮೇಲೆ ಏನೂ ಇಲ್ಲ ಎಂದೂ ಸೇರಿಸಿದೆ. ಅಷ್ಟು ಹಳೆಯ ಹೊಡೆದಾಟಕ್ಕೆ ಯಾರದೂ ಅಡ್ಡಿಯಿಲ್ಲ, ಮುಚ್ಚಿಟ್ಟರೆ ಮಾತ್ರ ತಪ್ಪು ಎಂದು ಅವರೇ ಮೊದಲ ದಿನ ಹೇಳಿದ್ದರು.

ಪೊಲೀಸರಿಂದ ಉತ್ತರ ಬಂತು. ನಿಮ್ಮ ಹೆಸರಿನಲ್ಲಿ ಏನೂ ಇಲ್ಲ. ಕೇಸಿಲ್ಲ, ಶಿಕ್ಷೆಯಿಲ್ಲ, ಸೈಕಲ್ಲಿಗೆ ದೀಪವಿಲ್ಲದ ದಂಡವೂ ಇಲ್ಲ.

ನಾನು ಖುಷಿಪಟ್ಟೆ. ಭೂತಗನ್ನಡಿ ಖುಷಿಪಡಲಿಲ್ಲ.

"ಇದ್ದದ್ದನ್ನ ಇಲ್ಲ ಅನ್ನೋರು ದಿನಾ ಬರ್ತಾರಮ್ಮ. ಇಲ್ಲದ್ದನ್ನ ಇದೆ ಅಂತ ಯಾರಾದ್ರೂ ಬರ್ಕೊಡ್ತಾರಾ? ಹೆಸರು ಬೇರೆ ಇರ್ಬೇಕು. ಅವರ ಕೈಯಿಂದ್ಲೇ ವಿವರ ತರಿಸಿ."

ಅದಕ್ಕೇ ನಿಮ್ಮನ್ನು ಕೇಳಿದ್ದು. ಕಾರಣ ಹೇಳಲಿಲ್ಲ, ಹೇಳಿದ್ದರೆ ನೀವು ಬೇಸರಪಟ್ಟು ಬರುವುದಿಲ್ಲ ಎನ್ನುತ್ತಿದ್ದಿರಿ. ನಿಮ್ಮ ಕಾಗದ ಬಂದ ದಿನ ಒಡೆಯದೆ ಅವರ ಮೇಜಿನ ಮೇಲಿಟ್ಟೆ, ಅವರೇ ಒಡೆಯಲಿ ಎಂದು. ನನ್ನ ಬುದ್ಧಿಗಿಷ್ಟು!

"ನೋಡಿ, ಬೇರೆ ಹೆಸರು ಸಿಕ್ತು," ಎಂದರು. ಎರಡನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. "ಓಡಿಹೋಗಿದ್ರಾ?"

"ವಾಪಸ್ ಬಂದ್ರಂತೆ ಮೇಡಂ."

"ಊಟ ಬಿಸಿ ಇತ್ತು ಅಂತ ಯಾವ ಕೈದಿನಮ್ಮ ವಾಪಸ್ ಬರ್ತಾನೆ? ಇನ್ನೂ ಹುಡುಕ್ತಾ ಇರ್ಬಹುದು!"

ಮಾವ, ಈಗ ಎರಡು ಜೈಲು, ಒಂದು ಅಡ್ಡಹೆಸರು, ಒಂದು ಪರಾರಿ, ಎಲ್ಲವನ್ನೂ ಹುಡುಕಿಸುತ್ತಿದ್ದಾರೆ. ಜುಲೈ ಮುಗಿಯುವುದರೊಳಗೆ ಇದು ಇತ್ಯರ್ಥವಾಗದಿದ್ದರೆ ಆದೇಶ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಈಗಿರುವ ಶಿಶುಪಾಲನಾ ಕೇಂದ್ರದ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ. ಯಾವ ಜೈಲು, ಯಾವ ತಿಂಗಳು, ನಿಜವನ್ನಷ್ಟೇ ಬರೆಯಿರಿ. ಮಕ್ಕಳನ್ನು ನಗಿಸಬೇಡಿ.

ನಿಮ್ಮ ಸೊಸೆ

•

ಜುಲೈ ೭

ಸ್ಕೇಲು,

ನನ್ನ ಹೆಸರು ಹೊಡೆದುಹಾಕು. ನಾನು ಬರುವುದಿಲ್ಲ. ಇಲ್ಲೇ ಒಂದು ಕೋಣೆ ನೋಡಿದ್ದೇನೆ, ಚೆನ್ನಾಗಿದೆ. ನಾನಿಲ್ಲದಿದ್ದರೆ ನನ್ನ ಜೈಲೂ ಇಲ್ಲ. ಕೆಲಸಕ್ಕೆ ಸೇರಿಕೋ.

ಮಾವ

•

ಜುಲೈ ೧೨

ಮಾವ,

ಹೆಸರು ಹೊಡೆದರೆ ಮುಗಿಯುತ್ತದೆ ಎಂದುಕೊಂಡಿದ್ದೀರಿ. ಭೂತಗನ್ನಡಿಯನ್ನು ಹೋಗಿ ಕೇಳಿದೆ. "ಪ್ರಶ್ನೆ ಕೇಳಿದ ತಕ್ಷಣ ಮನುಷ್ಯನೇ ಮಾಯ ಆದ್ರೆ ನಾನೇನು ಅಂದ್ಕೊಳ್ಲಿ?" ಎಂದರು. ಈಗ ಅವರಿಗೆ ಅನುಮಾನ ನಿಮ್ಮ ಮೇಲಲ್ಲ, ನನ್ನ ಮೇಲೆ. ಮಕ್ಕಳ ಜವಾಬ್ದಾರಿ ಹೊರುವವಳು ಸುಳ್ಳು ಬರೆದಳೋ, ಇಲ್ಲವೇ ಅಪರಾಧಿಯನ್ನು ಅಡಗಿಸುತ್ತಿದ್ದಾಳೋ, ಎರಡರಲ್ಲಿ ಒಂದು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಯೋಚಿಸುತ್ತಿದ್ದೆ.

ನಿಮಗೆ ಕೋಣೆ ಸಿಕ್ಕಿಲ್ಲ. ಸಿಕ್ಕಿದ್ದರೆ ಅದರ ಕಿಟಕಿ ಎಷ್ಟು, ಮಾಲೀಕ ನಿಮಗೆಷ್ಟು ಹೆದರುತ್ತಾನೆ ಎಂದು ಎರಡು ಪುಟ ಬರೆಯುತ್ತಿದ್ದಿರಿ.

ನೀವು ಹೇಳಿದ್ದನ್ನು ನಾನು ಯಾವತ್ತೂ ಅಳತೆ ಮಾಡಿ ನೋಡಿರಲಿಲ್ಲ. ಅದಕ್ಕೇ ಹೌದು ಎಂದು ಬರೆದದ್ದು. ಈಗ ಒಂದೇ ಪ್ರಶ್ನೆ ಕೇಳುತ್ತೇನೆ. ಆ ವರ್ಷ ನೀವು ಎಲ್ಲಿದ್ದಿರಿ?

•

ಜುಲೈ ೧೯

ಅಕ್ಕರೆಯ ಮಗಳೇ,

ನಿನ್ನ ಕಾಗದ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ನಾನು ಅವನಿಗಿಂತ ದೊಡ್ಡವನು. ಯಾರೂ ಏನೂ ಅನ್ನದಿದ್ದರೂ ಇಷ್ಟು ವರ್ಷ ಇಲ್ಲದ ಕುಂಬಳಕಾಯಿಯನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡದ್ದನ್ನೂ ಉಣ್ಣಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ಪೊಲೀಸ್ ಠಾಣೆಗೆ ಹೋದೆ. ನನ್ನ ಪರವಾಗಿ ಮಾತಾಡಲಿ ಎಂದು ಕ್ಷೌರಿಕನನ್ನೂ ದರ್ಜಿಯನ್ನೂ ಕರೆದುಕೊಂಡು ಹೋದೆ. ಮಾಡಿದ ತಪ್ಪು ಅದೇ.

ಠಾಣೆಯಲ್ಲಿ ಬರಹದ ಕೆಲಸ ನೋಡುವ ಪೊಲೀಸಮ್ಮ ಕುರ್ಚಿ ತೋರಿಸಿದಳು. "ಏನಾಗ್ಬೇಕಿತ್ತು ಅಜ್ಜ?"

"ನಾನು ಅಪರಾಧಿ ಅಲ್ಲ ಅಂತ ಬರ್ಕೊಡಮ್ಮ."

"ಯಾರಾದ್ರೂ ನಿಮ್ಮನ್ನ ಅಪರಾಧಿ ಅಂದ್ರಾ?"

"ಹೂಂ."

"ಯಾರು?"

"ನಾನೇ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಆಗ ಕ್ಷೌರಿಕ ಮುಂದೆ ಬಂದ. "ಮೇಡಂ, ಇವ್ನಿಗೆ ವಯಸ್ಸಾಗಿದೆ, ತಲೆ ನೆಟ್ಟಗಿಲ್ಲ. ಇವ್ನು ಜೈಲಿಗೆ ಹೋಗಿದ್ದು ಸೂರ್ಯ ಚಂದ್ರರಷ್ಟು ಸತ್ಯ. ಬೇಡಿ ಹಾಕಿ ಕರ್ಕೊಂಡು ಹೋಗಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ."

"ಲೋ, ಆಗ ನಿನಗೆ ಮೂರು ವರ್ಷ ಕಣೋ!"

"ಮೂರು ವರ್ಷದ ಮಗು ಸುಳ್ಳು ಹೇಳುತ್ತಾ ಮೇಡಂ?"

ದರ್ಜಿ ಸುಮ್ಮನಿರುತ್ತಾನೆ ಎಂದುಕೊಂಡೆ. ಅವನು ಗಂಟಲು ಸರಿಮಾಡಿಕೊಂಡ. "ಬಿಡುಗಡೆ ದಿನಕ್ಕೆ ಅಂಗಿ ಹೊಲಿದುಕೊಟ್ಟವನೇ ನಾನು. ಇನ್ನೊಂದು ಮಾತು, ಹಲ್ಲು ಎರಡಲ್ಲ, ಮೂರು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ! ನಾನು ಹೇಳಿದ ಕಥೆಗೆ ನನಗಿಂತ ಹೆಚ್ಚು ಸಾಕ್ಷಿಗಳಿದ್ದಾರೆ. ಕೊನೆಗೆ ನಿನ್ನ ಕೆಲಸದ ಸಂಗತಿಯನ್ನೆಲ್ಲ ಬಿಡಿಸಿ ಹೇಳಿದೆ. ಪೊಲೀಸಮ್ಮ ನಗು ತಡೆದುಕೊಂಡು ಹೇಳಿದಳು, "ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿನ ಮೇಲೆ ಒಂದು ಚುಕ್ಕೆನೂ ಇಲ್ಲ ಅಜ್ಜ, ಅದನ್ನ ನಿಮ್ಮ ಸೊಸೆ ಕಚೇರಿಗೆ ಆಗ್ಲೇ ತಿಳಿಸಿದೀವಿ. ಜೈಲಲ್ಲಿ ಇರ್ಲಿಲ್ಲ ಅಂತಾದ್ರೆ ಎಲ್ಲಿದ್ರಿ ಅಂತ ಹೇಳ್ಬಿಡಿ, ಮುಗೀತು." ನೀನೂ ಅದನ್ನೇ ಕೇಳಿದ್ದೀಯ. ಇಬ್ಬರು ಹೆಂಗಸರು ಒಂದೇ ವಾರದಲ್ಲಿ ಒಂದೇ ಪ್ರಶ್ನೆ ಕೇಳಿದರೆ ತಪ್ಪಿಸಿಕೊಳ್ಳಲು ಯಾವ ಗೋಡೆ ಹಾರಲಿ?

ಹೇಳುತ್ತೇನೆ.

ನನಗೆ ಎದೆರೋಗವಿತ್ತು. ಕ್ಷಯ. ಇಪ್ಪತ್ತರ ವಯಸ್ಸು. ಸೈಕಲ್ ಅಂಗಡಿಯಲ್ಲಿ ಟೈರು ಎಳೆಯುತ್ತಿದ್ದಾಗ ಕೆಮ್ಮು ಬಂತು, ಅಂಗೈ ನೋಡಿದರೆ ಕೆಂಪು. ಊರಾಚೆಗೆ, ಬಹಳ ದೂರ, ಗುಡ್ಡದ ಮೇಲೆ ಅದಕ್ಕೆಂದೇ ಒಂದು ಆಸ್ಪತ್ರೆಯಿತ್ತು. ಉದ್ದನೆಯ ಜಗಲಿ, ಸಾಲಾಗಿ ಮಂಚಗಳು, ಎಂದೂ ಮುಚ್ಚದ ಕಿಟಕಿಗಳು. ವರ್ಷದ ಮೇಲೆ ಅಲ್ಲಿದ್ದೆ. ಮಾತಾಡಿದರೆ ಎದೆಗೆ ಆಯಾಸ, ಮಾತಾಡಬೇಡ ಎನ್ನುತ್ತಿದ್ದರು. ನನಗೆ! ಈಗ ಇಷ್ಟು ಮಾತಾಡುವುದು ಆ ಒಂದು ವರ್ಷದ ಬಾಕಿ ಎಂದು ತಿಳಿ. ಪಕ್ಕದ ಮಂಚದವನು ಒಂದು ಬೆಳಿಗ್ಗೆ ಇರಲಿಲ್ಲ. ಅವನ ಹೊದಿಕೆಯನ್ನು ಬಿಸಿಲಿಗೆ ಹಾಕಿದ್ದರು. ನನ್ನ ಸರದಿ ಎಂದುಕೊಂಡೆ. ಬರಲಿಲ್ಲ.

ಆ ಕಾಲದಲ್ಲಿ ಆ ರೋಗದ ಹೆಸರನ್ನು ಮನೆಯೊಳಗೂ ಜೋರಾಗಿ ಹೇಳುತ್ತಿರಲಿಲ್ಲ. ಅದು ರಕ್ತದಲ್ಲಿ ಬರುತ್ತದೆ ಎಂದು ಜನರ ನಂಬಿಕೆ. ಒಬ್ಬನಿಗೆ ಬಂತೆಂದರೆ ಆ ಮನೆಯ ಹೆಣ್ಣನ್ನು ಯಾರೂ ಕೇಳುವುದಿಲ್ಲ. ನಾನು ಗುಡ್ಡದ ಮೇಲಿದ್ದಾಗಲೇ ನಿಮ್ಮಪ್ಪನ ಕಡೆಯವರು ನಿಮ್ಮಮ್ಮನನ್ನು ನೋಡಲು ಬಂದರು. ಎಲ್ಲ ಒಪ್ಪಿಗೆಯಾಯಿತು. ಏಳುವಾಗ ನಿನ್ನ ಅಜ್ಜ ಕೇಳಿದರಂತೆ, "ಹುಡುಗಿಯ ಅಣ್ಣ ಕಾಣ್ತಿಲ್ವಲ್ಲ? ಕಾಯಿಲೆ ಗೀಯಿಲೆ ಏನಿಲ್ಲ ತಾನೆ?" ನಮ್ಮಮ್ಮ ಖಾಲಿ ಲೋಟಗಳನ್ನು ಎತ್ತಿಕೊಳ್ಳತೊಡಗಿದಳು.

ಬಾಗಿಲ ಹಿಂದೆ ನಿಮ್ಮಮ್ಮ ನಿಂತಿದ್ದಳು. ಹದಿನೇಳರ ಹುಡುಗಿ. ಅಲ್ಲಿಂದಲೇ ಗಟ್ಟಿಯಾಗಿ ಹೇಳಿದಳು, "ಅಣ್ಣ ಜೈಲಲ್ಲಿದ್ದಾನೆ. ಒಬ್ಬ ಕಂಟ್ರಾಕ್ಟರಿಗೆ ಹೊಡೆದ."

ಹೌದು ಮಗಳೇ, ನನ್ನನ್ನು ಜೈಲಿಗೆ ಹಾಕಿದವಳು ನಿಮ್ಮಮ್ಮ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದರು ಹಿರಿಯರು. ಅವಳು ಒಂದೇ ಸುಳ್ಳಿನಲ್ಲಿ ಕೆಲಸ ಮುಗಿಸಿದಳು. ನಿನ್ನ ಅಜ್ಜ ಗಡ್ಡ ಕೆರೆದುಕೊಂಡು, "ಹೊಡೆದಾಟ ತಾನೆ, ಕಳ್ಳತನ ಅಲ್ವಲ್ಲ. ರಕ್ತ ಬಿಸಿ ಇದೆ, ಇರಲಿ," ಎಂದರಂತೆ. ರಕ್ತ ಬಿಸಿ ಇದ್ದರೆ ಸರಿ, ಬಾಯಲ್ಲಿ ಬಂದರೆ ಮಾತ್ರ ತಪ್ಪು.

ನಾನು ವಾಸಿಯಾಗಿ ಬಂದ ದಿನ ಅವಳು ಬೀದಿ ತುದಿಯಲ್ಲೇ ನನ್ನನ್ನು ತಡೆದಳು. "ಅಣ್ಣಾ, ಬೈಬೇಡ. ನಿನ್ನ ಜೈಲಿಗೆ ಹಾಕ್ಬಿಟ್ಟೆ."

"ಎಷ್ಟು ವರ್ಷ?"

"ಲೆಕ್ಕ ಹೇಳಿಲ್ಲ. ನೀನು ಬಂದಾಗ ಬಿಡುಗಡೆ."

ಅತ್ತೆ ಇರುವವರೆಗೆ ಯಾರಿಗೂ ಹೇಳಬೇಡ ಎಂದಳು. ನಿನ್ನ ಅಜ್ಜಿ ತೊಂಬತ್ತರ ಹತ್ತಿರದವರೆಗೆ ಬದುಕಿದಳು. ಅಷ್ಟರಲ್ಲಿ ನನಗೂ ರುಚಿ ಹತ್ತಿತ್ತು. ಕೆಮ್ಮಿದವನನ್ನು ಯಾರು ಬೆನ್ನು ತಟ್ಟಿ ಕೂರಿಸಿಕೊಳ್ಳುತ್ತಾರೆ? ಹೊಡೆದವನಿಗೆ ಎಲ್ಲ ಕಡೆ ಕುರ್ಚಿ. ಕಂಟ್ರಾಕ್ಟರಿಗೆ ಮೊದಲು ಹೆಸರಿಲ್ಲ, ಆಮೇಲೆ ಮೀಸೆ ಬಂತು, ಆಮೇಲೆ ಹಲ್ಲು ಹೋಯಿತು. ಹುಟ್ಟೇ ಇಲ್ಲದ ಮನುಷ್ಯನಿಗೆ ಇಷ್ಟು ವರ್ಷ ಹೊಡೆದಿದ್ದೇನೆ. ನಿಮ್ಮಮ್ಮ ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲೇ ನಕ್ಕು ಹೇಳಿದಳು, "ಅಣ್ಣಾ, ನಾನು ಹೇಳಿದ್ದು ಬರೀ ಜೈಲು. ಮೊಣಕೈ ನಿಂದು." ಆದರೆ ನಿಮ್ಮಪ್ಪನಿಗೆ ಮಾತ್ರ ಹೇಳಬೇಡ ಎಂದಳು, ತಾನು ಮೋಸ ಮಾಡಿದಳು ಎಂದು ಅವರಿಗೆ ಅನಿಸಬಾರದಂತೆ. ಅದಕ್ಕೇ ನಿನ್ನ ಕಾಗದ ಬಂದಾಗ ಹೆಸರು ಹೊಡೆದುಹಾಕು ಎಂದೆ. ಈಗ ಅವಳ ಮಾತು ಮುರಿಯುತ್ತಿದ್ದೇನೆ. ಅವಳ ಮಗಳಿಗಾಗಿ ಮುರಿದರೆ ಬೈಯಲಾರಳು.

ಬಾಯಿಮಾತನ್ನು ನಿಮ್ಮ ಭೂತಗನ್ನಡಿ ಇನ್ನು ನಂಬುವುದಿಲ್ಲ ಎಂದು ನಿನ್ನೆ ದೊಡ್ಡಾಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿದೆ. ಕಫವನ್ನೂ ಪರೀಕ್ಷೆ ಮಾಡಿದರು. ಡಾಕ್ಟರು ಬೆಳಕಿಗೆ ಹಿಡಿದು ನೋಡಿದರು. "ಬಲಗಡೆ ಮೇಲೆ ಹಳೇ ಕಲೆ ಇದೆಯಲ್ಲ ಅಜ್ಜ. ಚಿಕ್ಕ ವಯಸ್ಸಲ್ಲಿ ಕ್ಷಯ ಆಗಿತ್ತಾ?"

"ಹೇಗಿದೆ ಕಲೆ?"

"ಪೂರ್ತಿ ವಾಸಿಯಾಗಿ ಗಟ್ಟಿಯಾಗಿದೆ. ಕಫದಲ್ಲೂ ಏನಿಲ್ಲ. ಮಕ್ಕಳ ಜೊತೆ ಧಾರಾಳವಾಗಿ ಇರಿ."

ಇಷ್ಟು ಚೆನ್ನಾಗಿ ವಾಸಿಯಾದ ಕಲೆಯನ್ನು ತಮ್ಮ ಜೀವಮಾನದಲ್ಲಿ ನೋಡಿಲ್ಲ ಎಂದರು. ಇಲ್ಲ, ಹಾಗನ್ನಲಿಲ್ಲ. ನಾನು ಸೇರಿಸಿದೆ. ಉಳಿದದ್ದೆಲ್ಲ ಅವರು ಹೇಳಿದ್ದೇ, ರುಜು ಹಾಕಿ ಕೊಟ್ಟಿದ್ದಾರೆ. ಎಕ್ಸ್‌ರೇಯನ್ನು ರಟ್ಟಿನೊಳಗೆ ಇಟ್ಟು ಕಳಿಸುತ್ತಿದ್ದೇನೆ. ಮಡಿಸಬೇಡ.

ನಿನ್ನ ಮಾವ

•

ಜುಲೈ ೨೮

ಪ್ರೀತಿಯ ಮಾವ,

ಮೊದಲು ಸುದ್ದಿ. ಆದೇಶ ನನ್ನ ಕೈಯಲ್ಲಿದೆ. ನಿಮ್ಮ ಹೆಸರೂ ಒಪ್ಪಿಗೆಯಾಗಿದೆ.

ಅಂಕಿ ಹಾಕದೆ ಬರೆಯಲು ಪ್ರಯತ್ನಿಸುತ್ತೇನೆ. ಭೂತಗನ್ನಡಿ ನಿಮ್ಮ ಕಾಗದವನ್ನು ಒಂದು ಸಲ ಬೇಗ ಓದಿದರು, ಇನ್ನೊಂದು ಸಲ ನಿಧಾನವಾಗಿ. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ನಿಮ್ಮ ಪಕ್ಕೆಲುಬುಗಳ ಆಚೆ ಆಟದ ಮೈದಾನ ಕಾಣುತ್ತಿತ್ತು, ಮಕ್ಕಳು ಓಡುತ್ತಿದ್ದರು. ಡಾಕ್ಟರಿಗೆ ಫೋನು ಮಾಡಿ ಖಚಿತ ಮಾಡಿಕೊಂಡರು. ಆ ಕೆಲಸವನ್ನು ಅವರು ಯಾರಿಗಾಗಿಯೂ ಬಿಡುವವರಲ್ಲ. ಪೊಲೀಸರ ಹುಡುಕಾಟದಲ್ಲೂ ಉಕ್ಕಿನ ಮೊಣಕೈ ಎಂಬ ಕೈದಿ ಯಾವ ಜೈಲಿನಲ್ಲೂ ಸಿಗಲಿಲ್ಲವಂತೆ.

"ತಪ್ಪು ಮುಚ್ಚಿಟ್ಟೋರನ್ನ ಎಷ್ಟೋ ಜನ ನೋಡಿದೀನಿ. ಮಾಡದ ತಪ್ಪಿಗೆ ಇಷ್ಟು ಚೆನ್ನಾಗಿ ಪಾಲಿಶ್ ಹಾಕಿ ಇಟ್ಕೊಂಡೋರು ಇವರೊಬ್ರೇ," ಎಂದರು. ಆಮೇಲೆ ಧ್ವನಿ ತಗ್ಗಿಸಿ, "ನಮ್ಮ ದೊಡ್ಡಪ್ಪ ಕೂಡ ಒಂದು ವರ್ಷ 'ದೂರದ ಕೆಲಸಕ್ಕೆ' ಹೋಗಿದ್ರಂತೆ. ಎಂಥ ಕೆಲಸ ಅಂತ ನಾವ್ಯಾರೂ ಕೇಳ್ಲೇ ಇಲ್ಲ," ಎಂದು ಮೊಹರು ಒತ್ತಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಅಮ್ಮ ಬಾಗಿಲ ಹಿಂದಿನಿಂದ ಹಾಗೆ ಕೂಗಿ ಹೇಳಿದ್ದನ್ನು ನೆನೆಸಿಕೊಂಡೆ. ನನಗೆ ಗೊತ್ತಿದ್ದ ಅಮ್ಮ ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ಓಡಿ ಹೋಗಿ ವಾಪಸು ಕೊಡುತ್ತಿದ್ದವಳು.

ಇನ್ನು ಅಪ್ಪ. ಮುಚ್ಚಿಡಬಾರದು ಎಂದು ನಿಮ್ಮ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಮೊದಲು ಎದೆಯುಬ್ಬಿಸಿ, "ಜೈಲಿನವನ ತಂಗಿಯನ್ನೇ ಕಟ್ಕೊಂಡೋನು ನಾನು. ಕೆಮ್ಮಿನವನ ತಂಗಿಯನ್ನ ಬಿಡ್ತಿದ್ನಾ? ಅವಳು ಹೇಳ್ಬಹುದಿತ್ತು," ಎಂದರು. ಕೋಪವೂ ಬಂದಿತ್ತು. ತಮ್ಮ ಹಳೆಯ ಗಡಿಯಾರ ಬಿಚ್ಚಿ ಕುಳಿತರು. ಊಟವಾದ ಮೇಲೆ ತಟ್ಟೆ ತೊಳೆಯುತ್ತಾ, ನನ್ನ ಕಡೆ ನೋಡದೆ, "ಬಿಡ್ತಿದ್ದೆ ಕಣಮ್ಮ. ನಮ್ಮಮ್ಮ ಬೇಡ ಅಂತಿದ್ಲು, ನನಗೆ ಎದುರು ಮಾತಾಡೋ ಧೈರ್ಯ ಇರ್ಲಿಲ್ಲ. ಬಿಟ್ಟೇ ಬಿಡ್ತಿದ್ದೆ," ಎಂದರು. ನಲ್ಲಿ ತುಂಬ ಹೊತ್ತು ಹರಿಯುತ್ತಲೇ ಇತ್ತು.

ನಿಮಗೆ ಹೇಗೆ ಮುಖ ತೋರಿಸುವುದು ಎಂದು ಒಮ್ಮೆ ಕೇಳಿದರು. ಇದಕ್ಕೆ ಉತ್ತರ ಕೊಡಬೇಕಾದವರು ನೀವು ಮಾವ. ಅವರಿಗೇ ಏನಾದರೂ ಬರೆಯಿರಿ.

ನಿಮ್ಮ ಸ್ಕೇಲು

•

ಆಗಸ್ಟ್ ೩

ಪೂಜ್ಯ ಭಾವನವರಿಗೆ,

ನಿಮಗೆ ನಾನು ಕಾಗದ ಬರೆಯುವುದು ಇದೇ ಮೊದಲು. ಅಕ್ಷರ ಚೆನ್ನಾಗಿದೆ ಅಲ್ಲವೇ?

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ತಡವಾದರೆ ನನ್ನನ್ನು ಬೈಯಬೇಡಿ, ನಿಮ್ಮ ಇಲಾಖೆಯನ್ನು ಬೈಯಿರಿ. ಗಾಳಿ ಪಂಪು, ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿದ್ದೇನೆ. ಅಷ್ಟು ಮಕ್ಕಳಿರುವ ಕಡೆ ಒಂದಾದರೂ ಸೈಕಲ್ಲು ಕೆಟ್ಟಿರದೆ ಇರುತ್ತದೆಯೇ? ನಿಮ್ಮ ಮಗಳಿಗೆ ನಿದ್ದೆ ಬರುತ್ತಿದೆಯೇ? ಒಂದು ತಿಂಗಳು ಅವಳ ನಿದ್ದೆ ಕೆಡಿಸಿದೆ. ಆದೇಶ ಸಿಕ್ಕಿತು ಎಂದು ಓದಿದ ಮೇಲೆ ನಾನು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮಲಗಿದವನು, ಯಾರೋ ಬಾಗಿಲು ಒಡೆಯುವಷ್ಟು ಬಡಿದ ಮೇಲೆ ಎದ್ದೆ.

ಬಡಿದವನು ಕ್ಷೌರಿಕ. ಅವನಿಗೂ ದರ್ಜಿಗೂ ಎಲ್ಲ ನಿಜ ಹೇಳಿದೆ, ಆಸ್ಪತ್ರೆ, ಗುಡ್ಡ, ಕೆಮ್ಮು, ಎಲ್ಲ. ಕ್ಷೌರಿಕ ಕಣ್ಣು ಹೊಡೆದು, "ಗೊತ್ತಾಯ್ತು ಬಿಡಣ್ಣ. ಸೊಸೆ ಕೆಲಸ ಉಳೀಬೇಕಂದ್ರೆ ಹಾಗೇ ಹೇಳ್ಬೇಕು. ನಮ್ಮ ಬಾಯಿಂದ ಬರಲ್ಲ," ಎಂದ. ದರ್ಜಿ ನಾಲ್ಕನೆಯ ಹಲ್ಲು ಉದುರಿಸಿದ. ಈ ಊರಿನಿಂದ ನನಗೆ ಬಿಡುಗಡೆಯಿಲ್ಲ.

ಇರಲಿ. ನಿಮ್ಮ ಮಾತಿಗೆ ಬರುತ್ತೇನೆ. ನಲ್ಲಿ ತಿರುಗಿಸುವುದನ್ನೂ ಮರೆತು ನಿಂತಿದ್ದಿರಂತೆ. ಯಾಕೆ ಭಾವ? ನನ್ನ ತಂಗಿ ನಿಮ್ಮ ಜೊತೆ ಎಷ್ಟು ಚೆನ್ನಾಗಿ ಬದುಕಿದಳು ಎಂದು ನನಗೆ ಗೊತ್ತು. ಅವಳ ಕಡೆಯ ವರ್ಷದಲ್ಲಿ ನೀವು ಅವಳ ತಲೆ ಬಾಚುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಇದು ನಾನು ಸೇರಿಸಿದ್ದಲ್ಲ. ಅಷ್ಟೂ ಬದುಕು ಆ ದಿನ ಬಾಗಿಲ ಹಿಂದೆ ನಿಂತ ಒಬ್ಬ ಹುಡುಗಿಯ ಬಾಯಲ್ಲಿತ್ತು.

ನಿಜ ಹೇಳಲೇ? ಸೊಸೆಯ ಕಾಗದದಲ್ಲಿ 'ಬಿಡ್ತಿದ್ನಾ?' ಎಂದು ನೀವು ಮೊದಲು ಅಂದ ಮಾತು ಓದಿದಾಗ ಕಾಗದವನ್ನು ಕೆಳಗಿಟ್ಟುಬಿಟ್ಟೆ. ಮತ್ತೆ ಎತ್ತಿಕೊಂಡು ಕೆಳಗಿನ ಸಾಲಿಗೆ ಬಂದ ಮೇಲೆಯೇ ಉಸಿರು ಬಂದದ್ದು. ಬಿಡುತ್ತಿರಲಿಲ್ಲ ಎಂದು ನೀವು ಅದಕ್ಕೇ ಅಂಟಿಕೊಂಡಿದ್ದರೆ, ಯೋಚಿಸಿ ನೋಡಿ ಭಾವ, ಇಷ್ಟು ವರ್ಷ ನಾನು ಸುಮ್ಮಸುಮ್ಮನೆ ಜೈಲಿನಲ್ಲಿದ್ದಂತಾಗುತ್ತಿತ್ತು.